ಆಯಿಯ ಫೋಟೊದೊಳಗೆ ಸೇರಿಕೊಂಡ 13

ನಮ್ಮ ಕಲಬುರಗಿ ಕಡೆ ಅಜ್ಜಿಗೆ ಆಯಿ ಅಂತೀವಿ. ಆಯಿ ತೀರಿಕೊಂಡ ವರ್ಷ ನನ್ನ ಕೈಯಿಂದ ಒಂದು ತಪ್ಪು ಆಯಿತು. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕಾಕಾನ ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿ ಆಯಿಯ 214 ಫೋಟೊ ಇದ್ದವು. ಒಲೆ ಮುಂದೆ ಕೂತು ರೊಟ್ಟಿ ಬಡಿಯೋದು. ಶರಣಬಸವೇಶ್ವರ ಜಾತ್ರೆಯಲ್ಲಿ ಸೆರಗು ತಲೆ ಮೇಲೆ ಹೊದ್ದು ತೇರು ನೋಡೋದು. ಅಪ್ಪನ ಕೆರೆ ದಂಡೆಯಲ್ಲಿ ಮೊಮ್ಮಕ್ಕಳ ಜೊತೆ ಕೂತದ್ದು. "ತಾರೀಖ ಪ್ರಕಾರ ಜೋಡಿಸಿ ಕೊಡೋ ತಮ್ಮಾ" ಅಂತ ಕಾಕಾ ಕಾರ್ಡು ಕೈಗಿಟ್ಟರು. ಗಂಜಿನಲ್ಲಿ ಅವರದು ಅಡತಿ ಅಂಗಡಿ. ತೊಗರಿ ಸೀಜನ್, ಅಂಗಡಿ ತುಂಬಾ ಚೀಲ. ಮೂಲೆಯಲ್ಲಿ ಲೆಕ್ಕ ಬರೆಯುವ ಕಂಪ್ಯೂಟರ್ ಇತ್ತು. ಅಲ್ಲೇ ಕೂತು ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದೆ. ಫೋಟೊ ಓದು, ತಾರೀಖಿನ ಹೆಸರಲ್ಲಿ ಕಂಪ್ಯೂಟರಿನಲ್ಲಿ ಹೊಸ ಫೈಲ್ ಬರೆ, ಹಳೇದನ್ನು ಅಳಿಸು. ಅಷ್ಟೇ ಕೆಲಸ.

ಮೊದಲು ಮೂರು ಫೋಟೊ ಹಾಕಿ ನೋಡಿದೆ. ಮೂರೂ ಬರೀ 82 ಬೈಟ್ (ಬೈಟ್ ಅಂದರೆ ಫೈಲಿನ ಅಳತೆಯ ಪುಟ್ಟ ತುಣುಕು) ಆಗಿ ಬಂದವು. ಇದೇನಪ್ಪಾ ಅಂತ ಹುಡುಕಿದೆ. ಫೈಲ್ ತೆರೆಯುವಾಗ 'ಆರ್' ಅಂತ ಬರೆದಿದ್ದೆ, 'ಆರ್‌ಬಿ' ಆಗಬೇಕಿತ್ತು. ಆ 'ಬಿ' ಅಂದರೆ ಬೈನರಿ, ಬೈಟುಗಳನ್ನು ಮುಟ್ಟದೆ ಇದ್ದಂತೆಯೇ ದಾಟಿಸು ಅಂತ. ಸರಿಪಡಿಸಿದೆ. ಆ ಮೂರು ಹೇಗೂ ಕಾಕಾನ ಹೊಸ ಫೋನಿನಲ್ಲೂ ಇರುತ್ತವೆ ಅಂದುಕೊಂಡು ಮುಂದೆ ಹೋದೆ. ಉಳಿದ 211 ಓಡಿಸಿದೆ. ಈ ಸಲ ಎಲ್ಲ ಫೈಲೂ ಒಂದೂವರೆ, ಎರಡು ಎಂಬಿ ಇದ್ದವು. ಸರಿ ಹೋಯಿತು ಅಂತ ಕಾರ್ಡು ವಾಪಸ್ ಕೊಟ್ಟೆ. ಮರುದಿನವೇ ಅದನ್ನು ಫಾರ್ಮ್ಯಾಟ್ ಮಾಡಿ ತಂಗಿ ಮಗಳ ಫೋನಿಗೆ ಹಾಕಿದರು.

ಭಾನುವಾರ ಮನೆಯಲ್ಲಿ ಎಲ್ಲರೂ ಕೂತು ನೋಡಬೇಕು ಅಂತ ತೆರೆದೆವು. ಒಂದೂ ತೆರೆಯಲಿಲ್ಲ.

"ಫೋಟೋ ಯಾಕ ಬರವಲ್ಲವು ತಮ್ಮಾ?" ಅಂತ ಕಾಕಾ ಮೆಲ್ಲಗೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಪುಣ್ಯಕ್ಕೆ ಒಂದು ಸುಳಿವು ಸಿಕ್ಕಿತು. ಜಾತ್ರೆಯ ಒಂದು ಫೋಟೊವನ್ನು ಕಾಕಾ ಹಿಂದೆ ನನಗೆ ಇಮೇಲ್ ಮಾಡಿದ್ದರು. ಅದರ ಅಳತೆ 18,43,712 ಬೈಟ್. ನನ್ನ ಪ್ರೋಗ್ರಾಮ್ ಬರೆದ ಅದೇ ಫೋಟೊ 18,50,948 ಬೈಟ್. ಕಡಿಮೆ ಆಗಿರಲಿಲ್ಲ, ಜಾಸ್ತಿ ಆಗಿತ್ತು! 7,236 ಬೈಟ್ ಎಲ್ಲಿಂದಲೋ ಬಂದು ಸೇರಿಕೊಂಡಿದ್ದವು.

ಸುಮ್ನೆ ಒಂದು ಭಾಗಾಕಾರ ಮಾಡಿದೆ. 18,43,712 ಅನ್ನು 256ರಿಂದ ಭಾಗಿಸಿದರೆ 7,202. ಅಂದರೆ ಹತ್ತಿರ ಹತ್ತಿರ 256ಕ್ಕೆ ಒಂದರಂತೆ ಹೆಚ್ಚಾಗಿದೆ. ಒಂದು ಬೈಟಿಗೆ 0ಯಿಂದ 255ರವರೆಗೆ 256 ಬೆಲೆಗಳು. ಒತ್ತಿ ಚಿಕ್ಕದು ಮಾಡಿದ ಫೋಟೊದಲ್ಲಿ ಈ 256 ಬೆಲೆಗಳೂ ಹೆಚ್ಚುಕಡಿಮೆ ಸಮವಾಗಿ ಹರಡಿಕೊಂಡಿರುತ್ತವೆ. ಹಾಗಾದರೆ ಯಾವುದೋ ಒಂದೇ ಒಂದು ಬೆಲೆ ಬಂದಾಗಲೆಲ್ಲ ಅದರ ಪಕ್ಕ ಇನ್ನೊಂದು ಬೈಟ್ ಸೇರುತ್ತಿದೆ. ಎದ್ದು ಕೂತೆ. ಎರಡೂ ಫೈಲುಗಳ ಬೈಟುಗಳನ್ನು ಅಂಕಿಯಾಗಿ ಅಕ್ಕಪಕ್ಕ ಇಟ್ಟು ನೋಡಿದೆ. ಒಳ್ಳೆಯ ಫೈಲಿನಲ್ಲಿ 10 ಇದ್ದ ಕಡೆಯೆಲ್ಲ ಕೆಟ್ಟ ಫೈಲಿನಲ್ಲಿ 13, 10 ಇತ್ತು. ಓದುವ ಕಡೆ 'ಬಿ' ಹಾಕಿದ್ದೆ. ಬರೆಯುವ ಕಡೆ ಹಾಕೋದು ಮರೆತಿದ್ದೆ.

ಈ 13 ಮತ್ತು 10 ಯಾರು ಅಂತ ಹೇಳಬೇಕು.

ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನಾನು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಸಾಲು ಮುಗಿಯುವಾಗ ಟಿಣ್ ಅಂತ ಗಂಟೆ. ಎಡಗೈಯಲ್ಲಿ ಲಿವರ್ ತಳ್ಳಿದರೆ ಎರಡು ಕೆಲಸ ಆಗುತ್ತಿತ್ತು. ಕಾಗದ ಒಂದು ಸಾಲು ಮೇಲೆ ಸರಿಯುತ್ತಿತ್ತು, ಕ್ಯಾರೇಜ್ ಮತ್ತೆ ಮೊದಲಿನ ಜಾಗಕ್ಕೆ ಬರುತ್ತಿತ್ತು. 1963ರಲ್ಲಿ ಅಕ್ಷರಕ್ಕೊಂದು ಅಂಕಿ ಕೊಡುವ ಆಸ್ಕಿ ಸಂಕೇತ ಬಂದಾಗ, ತಂತಿಯಲ್ಲಿ ಬಂದ ಬರಹವನ್ನು ತಾನೇ ಟೈಪ್ ಮಾಡುವ ಟೆಲಿಟೈಪ್ ಯಂತ್ರಗಳಿಗೆ ಈ ಎರಡು ಕೆಲಸವನ್ನೂ ಬೇರೆಬೇರೆ ಅಂಕಿಯಲ್ಲಿ ಹೇಳಬೇಕಿತ್ತು. ಮೊದಲಿಗೆ ಹಿಂದಕ್ಕೆ ಹೋಗು ಅನ್ನೋದಕ್ಕೆ 13. ಒಂದು ಸಾಲು ಇಳಿ ಅನ್ನೋದಕ್ಕೆ 10. ಮಾಡೆಲ್ 33 ಅನ್ನುವ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಅದರ ಅಚ್ಚಿನ ತಲೆ ಸಾಲಿನ ಕೊನೆಯಿಂದ ಮೊದಲಿಗೆ ಓಡಿಬರಲು ಒಂದು ಅಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಎರಡು ಅಂಕಿ ಇದ್ದದ್ದು ಅದಕ್ಕೂ ಅನುಕೂಲವಾಯಿತು.

ಆಮೇಲೆ ಯುನಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಮಾಡಿದವರು ಫೈಲಿನೊಳಗೆ 10 ಒಂದೇ ಸಾಕು, ಯಂತ್ರಕ್ಕೆ ಬೇಕಾದ 13ನ್ನು ಯಂತ್ರದ ಹತ್ತಿರ ಹೋದಾಗ ಸೇರಿಸಿದರಾಯಿತು ಅಂದುಕೊಂಡರು. ಸಿಪಿ/ಎಂ ಅನ್ನುವ ವ್ಯವಸ್ಥೆ ಎರಡನ್ನೂ ಇಟ್ಟುಕೊಂಡಿತು. ಅದರ ದಾರಿ ಹಿಡಿದು 1981ರಲ್ಲಿ ಎಂಎಸ್-ಡಾಸ್ ಬಂತು, ಆಮೇಲೆ ವಿಂಡೋಸ್. ಸಿ ಭಾಷೆ ಹುಟ್ಟಿದ್ದು ಯುನಿಕ್ಸಿನಲ್ಲಿ, ಸಾಲಿನ ಕೊನೆ ಅಂದರೆ ಅದಕ್ಕೆ ಒಂದೇ ಅಕ್ಷರ. ಹಾಗಾಗಿ ವಿಂಡೋಸಿನಲ್ಲಿ ಸಿ ನಡುವೆ ನಿಂತು ತರ್ಜುಮೆ ಮಾಡುತ್ತದೆ. ಬರೆಯುವಾಗ 10 ಕಂಡರೆ 13, 10 ಮಾಡುತ್ತದೆ. ಓದುವಾಗ 13, 10 ಕಂಡರೆ 13ನ್ನು ಕಿತ್ತುಹಾಕುತ್ತದೆ. ಇದೇ ಟೆಕ್ಸ್ಟ್ ಮೋಡ್. ಬೈನರಿ ಮೋಡಿನಲ್ಲಿ ಮಧ್ಯೆ ಯಾರೂ ಕೈ ಹಾಕೋದಿಲ್ಲ.

ಕಾಕಾನ ಅಂಗಡಿಯಲ್ಲಿ ಇವೆರಡೂ ದಿನಾ ಕಣ್ಣಿಗೆ ಬೀಳುತ್ತವೆ. ಕೆಲವು ಚೀಲ ಬಿಚ್ಚಿ, ಕಾಳು ಹಸನು ಮಾಡಿ, ಮತ್ತೆ ಹೊಲಿಯುತ್ತಾರೆ. ಕೆಲವು ಚೀಲ ಹೊಲಿದದ್ದು ಹೊಲಿದಂತೆಯೇ ಲಾರಿ ಹತ್ತುತ್ತವೆ. ಹಸನು ಮಾಡೋದು ಕಾಳಿಗೆ ಒಳ್ಳೆಯದೇ. ಚೀಲದಲ್ಲಿ ಕಾಳಿನ ಬದಲು ಗಾಜಿನ ಬಳೆ ಇದ್ದರೆ?

ನಾನು ಕಾಲೇಜಿನಲ್ಲಿ ಸಿ ಕಲಿತದ್ದು ಲಿನಕ್ಸಿನಲ್ಲಿ, ಅದು ಯುನಿಕ್ಸಿನ ದಾರಿಯದ್ದು. ಅಲ್ಲಿ 'ಬಿ' ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಯಾವ ವ್ಯತ್ಯಾಸವೂ ಆಗೋದಿಲ್ಲ. ನಾಲ್ಕು ವರ್ಷ ಬಿಟ್ಟು ಬರೆದೆ, ನಾಲ್ಕು ವರ್ಷವೂ ಸರಿಯಾಗಿಯೇ ಓಡಿತು. ಅಂಗಡಿಯ ಕಂಪ್ಯೂಟರ್ ವಿಂಡೋಸ್ ಆಗಿತ್ತು.

ಇನ್ನು ರಿಪೇರಿಯ ವಿಷಯ. ಇದು ನನಗೆ ಇವತ್ತಿಗೂ ಬಹಳ ಹತ್ತಿರದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೆಟ್ಟ ಫೈಲಿನಲ್ಲಿ ಒಂಟಿ 10 ಇದೆಯಾ ಅಂತ ಹುಡುಕಿದೆ. 18 ಲಕ್ಷ ಬೈಟುಗಳಲ್ಲಿ ಒಂದೂ ಇರಲಿಲ್ಲ. ಪ್ರತಿ 10ರ ಹಿಂದೆಯೂ 13 ನಿಂತಿತ್ತು. ಹಾಗಾದರೆ ಹಾನಿ ಇದೊಂದೇ, ಬೇರೆ ಏನೂ ಇಲ್ಲ. ಮೂಲ ಫೋಟೊದಲ್ಲೇ ತಾನಾಗಿ 13, 10 ಇದ್ದ ಜಾಗ ಇದ್ದರೆ? ಅದು 13, 13, 10 ಆಗಿರುತ್ತದೆ. ಅಲ್ಲೂ 10ರ ಹಿಂದಿನ ಒಂದೇ ಒಂದು 13 ತೆಗೆದರೆ ಮೂಲ 13, 10 ಉಳಿಯುತ್ತದೆ. ಗೊಂದಲಕ್ಕೆ ಜಾಗವೇ ಇಲ್ಲ. ಪ್ರತಿ 10ರ ಹಿಂದಿನ ಒಂದು 13 ತೆಗೆಯುತ್ತಾ ಹೋದರೆ ಫೋಟೊ ಹೇಗಿತ್ತೋ ಹಾಗೆಯೇ, ಬೈಟಿಗೆ ಬೈಟು, ವಾಪಸ್ ಬರಬೇಕು.

ಇಪ್ಪತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಓದುವ 'ಆರ್‌ಬಿ', ಬರೆಯುವ 'ಡಬ್ಲ್ಯುಬಿ' ಎರಡನ್ನೂ ಮೂರು ಸಲ ನೋಡಿದೆ. ಜಾತ್ರೆ ಫೋಟೊ ಮೇಲೆ ಓಡಿಸಿದೆ. 18,43,712. ಇಮೇಲಿನ ಫೈಲಿಗೆ ಹೋಲಿಸಿದೆ, ಒಂದು ಬೈಟೂ ವ್ಯತ್ಯಾಸ ಇಲ್ಲ. ತೆರೆದೆ. ಆಯಿ ಸೆರಗು ಹೊದ್ದು ತೇರು ನೋಡುತ್ತಾ ನಿಂತಿದ್ದರು. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಅಪ್ಪನನ್ನು ಎಬ್ಬಿಸಿ ತೋರಿಸಿದೆ.

ನನ್ನ ತಪ್ಪು ಬರೆಯುವ ಕಡೆ ಆಗಿತ್ತು, ಅದಕ್ಕೇ ಬದುಕಿಕೊಂಡೆ. ಓದುವ ಕಡೆ ಆಗಿದ್ದರೆ 13, 10 ಇದ್ದದ್ದು ಬರೀ 10 ಆಗುತ್ತಿತ್ತು. ಆಮೇಲೆ ಯಾವ 10ರ ಹಿಂದೆ 13 ಇತ್ತು, ಯಾವುದರ ಹಿಂದೆ ಇರಲಿಲ್ಲ ಅಂತ ಹೇಳಲು ಯಾವ ದಾರಿಯೂ ಇಲ್ಲ. ಅದಕ್ಕಿಂತ ಕೆಟ್ಟದ್ದು 26. ಸಿಪಿ/ಎಂ ಫೈಲಿನ ಉದ್ದವನ್ನು 128 ಬೈಟಿನ ತುಂಡುಗಳ ಲೆಕ್ಕದಲ್ಲಿ ಮಾತ್ರ ಇಟ್ಟುಕೊಳ್ಳುತ್ತಿತ್ತು. ಕೊನೆಯ ತುಂಡಿನಲ್ಲಿ ಬರಹ ಎಲ್ಲಿಗೆ ಮುಗಿಯಿತು ಅಂತ ತೋರಿಸಲು 26 ಅನ್ನುವ ಗುರುತು ಹಾಕುತ್ತಿದ್ದರು. ಆ ರೂಢಿ ಇವತ್ತಿಗೂ ವಿಂಡೋಸಿನ ಟೆಕ್ಸ್ಟ್ ಮೋಡಿನಲ್ಲಿ ಉಳಿದಿದೆ. ಓದುತ್ತಾ ಹೋಗುವಾಗ 26 ಸಿಕ್ಕರೆ ಫೈಲ್ ಮುಗಿಯಿತು ಅಂತ ನಿಂತುಬಿಡುತ್ತದೆ. ಮುಂದೆ ಇಪ್ಪತ್ತು ಲಕ್ಷ ಬೈಟ್ ಇದ್ದರೂ ಸರಿ.

ಈ ನೋವು ಉಂಡವರು ಬಹಳ ಜನ ಇದ್ದಾರೆ. 1996ರಲ್ಲಿ ಪಿಎನ್‌ಜಿ ಅನ್ನುವ ಚಿತ್ರದ ನಮೂನೆ ಬಂತು. ಅದನ್ನು ಮಾಡಿದವರು ಪ್ರತಿ ಫೈಲಿನ ಮೊದಲ ಎಂಟು ಬೈಟುಗಳನ್ನು ಕಾವಲಿಗೇ ಇಟ್ಟಿದ್ದಾರೆ. 137, 80, 78, 71, 13, 10, 26, 10. ನಡುವಿನ 80, 78, 71 ಅಂದರೆ ಪಿ, ಎನ್, ಜಿ ಅಕ್ಷರಗಳು. ಮೊದಲಿನ 137 ಯಾಕೆ ಅಂದರೆ, ಏಳು ಬಿಟ್‌ಗಳನ್ನು, ಅಂದರೆ 127ರವರೆಗಿನ ಬೆಲೆಗಳನ್ನು ಮಾತ್ರ ದಾಟಿಸುವ ದಾರಿಯಲ್ಲಿ ಬಂದಿದ್ದರೆ ಅದು ಕೆಟ್ಟಿರುತ್ತದೆ. 13, 10ರಲ್ಲಿ 13 ಕಳೆದಿದ್ದರೆ ಓದುವ ಕಡೆ ಯಾರೋ ಕೈ ಹಾಕಿದ್ದಾರೆ. ಕೊನೆಯ 10ರ ಹಿಂದೆ 13 ಬಂದಿದ್ದರೆ ಬರೆಯುವ ಕಡೆ ಕೈ ಹಾಕಿದ್ದಾರೆ. 26 ಇರೋದು ಡಾಸಿನಲ್ಲಿ ಅಕಸ್ಮಾತ್ ಫೈಲನ್ನು ಪರದೆಗೆ ಸುರಿದರೆ ಅಲ್ಲಿಗೇ ನಿಲ್ಲಲಿ ಅಂತ. ಎಂಟೇ ಬೈಟಿನಲ್ಲಿ ಎಷ್ಟು ಜನರ ಅನುಭವ ಇದೆ ನೋಡಿ. ನಾನು ಪಾಠ ಹೇಳುವಾಗ ಈ ಎಂಟು ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯದೆ ಮುಂದೆ ಹೋಗೋದಿಲ್ಲ. ಆಯಿಯ ಫೋಟೊಗಳು ಜೆಪೆಗ್ ಅನ್ನುವ ಇನ್ನೊಂದು ನಮೂನೆಯವು. ಅದಕ್ಕೆ ಈ ಕಾವಲು ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಫೋಟೊ ಕಥೆ. ನನಗೆ ನಿಜವಾಗಿ ಹೇಳಬೇಕಿರೋದು ಕನ್ನಡದ ವಿಷಯ.

ನಾನೀಗ ಇಲ್ಲೇ ಕಲಬುರಗಿಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಒಂದು ದಿನ ಒಬ್ಬ ಹುಡುಗ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದ. ಮೂರು ಫೈಲು. ಒಂದರಲ್ಲಿ ಯಾದಗಿರಿ ಅಂತ, ಇನ್ನೊಂದರಲ್ಲಿ ಕಲಬುರಗಿ ಅಂತ, ಮತ್ತೊಂದರಲ್ಲಿ ಬೀದರ್ ಅಂತ ಕನ್ನಡದಲ್ಲಿ ಬರೆದಿದ್ದ. ಅಷ್ಟೇ.

"ಸರ್, ಯಾದಗಿರಿ ಓದ್ಲಕತ್ತದ್ರಿ, ಆದ್ರ ಏನೇನೋ ಬರ್ಲಕತ್ತದ. ಕಲಬುರಗಿ, ಬೀದರ್ ಬರೇ ಎರರ್ ಕೊಡ್ಲಕತ್ತಾವ. ಮೂರೂ ಕನ್ನಡಾನೇ ಅಲ್ರೀ?"

ಇಂಥ ಪ್ರಶ್ನೆ ಸಿಗೋದು ಅಪರೂಪ. ಇಬ್ಬರೂ ಕೂತು ಬೈಟು ಎಣಿಸಿದೆವು. ಜಗತ್ತಿನ ಲಿಪಿಗಳಿಗೆಲ್ಲ ಅಂಕಿ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಇದೆ. ಆ ಅಂಕಿಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ರೀತಿಯಲ್ಲಿ ಬರೆದರೆ ಒಂದೊಂದಕ್ಕೂ ಮೂರು ಬೈಟ್ ಬೇಕು. 'ಕ' ಅಂದರೆ 224, 178, 149. ಕಾಗುಣಿತದ ಗುರುತುಗಳೂ ಹಾಗೆಯೇ. 'ಬು' ಅಂದರೆ 'ಬ' ಒಂದು, ಕೊಂಬು ಒಂದು, ಒಟ್ಟು ಆರು ಬೈಟ್. ನಮಗೆ ಐದು ಅಕ್ಷರವಾಗಿ ಕಾಣುವ ಕಲಬುರಗಿ ಫೈಲಿನಲ್ಲಿ 21 ಬೈಟ್.

ಹುಡುಗ ಬರೀ 'ಆರ್' ಅಂತ ತೆರೆದಿದ್ದ. ಯಾವ ಎನ್‌ಕೋಡಿಂಗ್, ಅಂದರೆ ಬೈಟಿಗೆ ಅಕ್ಷರ ಹೊಂದಿಸುವ ಯಾವ ಪಟ್ಟಿ, ಅಂತ ಹೇಳಿರಲಿಲ್ಲ. ಹೇಳದಿದ್ದರೆ ವಿಂಡೋಸಿನಲ್ಲಿ ಪೈಥಾನ್ ಯಂತ್ರದ ಹಳೇ ಪಟ್ಟಿಯನ್ನು ಹಿಡಿಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಅದು ಸಿಪಿ-1252, ಯುರೋಪಿನ ಅಕ್ಷರಗಳ ಪಟ್ಟಿ. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಆದರೆ ಐದು ಜಾಗ ಖಾಲಿ. 129, 141, 143, 144, 157. ಈ ಐದಕ್ಕೆ ಅಲ್ಲಿ ಯಾವ ಅಕ್ಷರವೂ ಇಲ್ಲ.

ಈಗ ನೋಡಿ. ನಮ್ಮ ಕೊಂಬು, ಅಂದರೆ ಉಕಾರದ ಗುರುತು, 224, 179, 129. ಕೊನೆಯದು 129! ಕಲಬುರಗಿಯ 'ಬು' ಹತ್ತಿರ ಬಂದು ಪೈಥಾನ್ ನಿಂತುಬಿಡುತ್ತದೆ. ಬೀದರ್ ಕೊನೆಯಲ್ಲಿ ಅರ್ಧಾಕ್ಷರ ಇದೆ, ಆ ಹಲಂತದ ಗುರುತು 224, 179, 141. ಅಲ್ಲೂ ನಿಂತುಬಿಡುತ್ತದೆ. ಯಾದಗಿರಿಯಲ್ಲಿ ಕೊಂಬೂ ಇಲ್ಲ, ಅರ್ಧಾಕ್ಷರವೂ ಇಲ್ಲ. ಅದರ 21 ಬೈಟುಗಳಿಗೂ ಆ ಪಟ್ಟಿಯಲ್ಲಿ ಏನೋ ಒಂದು ಅಕ್ಷರ ಸಿಗುತ್ತದೆ. ತಲೆ ಮೇಲೆ ಗೀಟು ಇರುವ ಇಂಗ್ಲಿಷ್ 'ಎ' ಏಳು ಸಲ, ನಡುವೆ ಏನೇನೋ ಗುರುತು. ಎರರ್ ಬರೋದಿಲ್ಲ, ಸಂಬಂಧವೇ ಇಲ್ಲದ 21 ಗುರುತು ಬರುತ್ತವೆ.

ನನ್ನ ಪ್ರಕಾರ ಮೂರರಲ್ಲಿ ಅಪಾಯ ಇರೋದು ಯಾದಗಿರಿಗೇ. ಕಲಬುರಗಿ, ಬೀದರ್ ಕೂಗಿ ಹೇಳಿದವು. ಯಾದಗಿರಿ ಸದ್ದಿಲ್ಲದೆ ಕೆಟ್ಟಿತು. ಯಾರೂ ನೋಡದಿದ್ದರೆ ಆ ಕೆಟ್ಟ ರೂಪವೇ ಮತ್ತೆ ಫೈಲಿಗೆ ಹೋಗಿ ಕೂರುತ್ತದೆ. ಮುಂದೆ ಅದೇ ಪಟ್ಟಿಯಿಂದ ಯಾರದೋ ರೇಷನ್ ಕಾರ್ಡಿನಲ್ಲೋ ಅಂಕಪಟ್ಟಿಯಲ್ಲೋ ಹೆಸರು ಅಚ್ಚಾಗಬಹುದು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಪ್ಪು ಕಾಣೋದೇ ಇಲ್ಲ. ಅವರ ಅಕ್ಷರಗಳೆಲ್ಲ 128ರ ಒಳಗೆ ಇವೆ. ಸಿಪಿ-1252 ಇರಲಿ, ಯುಟಿಎಫ್-8 ಇರಲಿ, ಆ 128 ಒಂದೇ. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ ಸೇರಿ ಯುಟಿಎಫ್-8 ರೂಪಿಸುವಾಗ ಬೇಕೆಂದೇ ಹಾಗೆ ಮಾಡಿದರು. ಅದು ಒಳ್ಳೆಯ ಕೆಲಸವೇ. ಅದರಿಂದಲೇ ಹಳೇ ಫೈಲುಗಳೆಲ್ಲ ಹಾಗೇ ನಡೆದುಕೊಂಡು ಹೋದವು. ಆದರೆ ಅದರಿಂದಲೇ ಎನ್‌ಕೋಡಿಂಗ್ ಹೇಳದೆ ಬಿಡುವ ಅಭ್ಯಾಸವೂ ಉಳಿಯಿತು. ಪುಸ್ತಕದ ಉದಾಹರಣೆಗಳಲ್ಲಿ ಹೇಳೋದಿಲ್ಲ, ವಿಡಿಯೊ ಪಾಠಗಳಲ್ಲಿ ಹೇಳೋದಿಲ್ಲ. ನಮ್ಮ ಹುಡುಗರು ಅದನ್ನು ನೋಡಿ ಕಲಿತು, ತಮ್ಮ ಊರಿನ ಹೆಸರು ಬರೆದ ದಿನ ಎರರ್ ನೋಡುತ್ತಾರೆ. ತಪ್ಪು ತಮ್ಮದು, ಕನ್ನಡದ್ದು ಅಂದುಕೊಳ್ಳುತ್ತಾರೆ. ಅದು ನನಗೆ ಬಹಳ ಬೇಜಾರು ತರುತ್ತದೆ. ಪೈಥಾನ್ 3.15ರಿಂದ ಹೇಳದಿದ್ದರೆ ಯುಟಿಎಫ್-8 ಅಂತಲೇ ತಿಳಿಯಬೇಕು ಅಂತ ತೀರ್ಮಾನ ಆಗಿದೆ. ಆದರೂ ಹುಡುಗರಿಗೆ ನಾನು ಬಾಯಿಬಿಟ್ಟು ಹೇಳಿಯೇ ಬರೆಯಿರಿ ಅಂತೀನಿ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಹೊಲದ ಪತ್ರ ಇದೆ. ನಿಜಾಮರ ಆಡಳಿತದ್ದು, ಉರ್ದುವಿನಲ್ಲಿದೆ. 1948ರವರೆಗೆ ನಮ್ಮ ಕಡೆ ಸರ್ಕಾರದ ಕಾಗದ ಎಲ್ಲ ಹಾಗೇ ತಾನೆ. ಅಪ್ಪನಿಗೆ ಅದು ಬೇಕಾದಾಗ ದರ್ಗಾದ ಹತ್ತಿರ ಒಬ್ಬ ಹಿರಿಯ ಮಾಸ್ತರ ಬಳಿ ಹೋಗಿದ್ದೆವು. ಅವರು ಕನ್ನಡಕ ಹಾಕಿ, ಕಾಗದ ಬೆಳಕಿಗೆ ಹಿಡಿದು, ಬಲಗಡೆಯಿಂದ ಬೆರಳಿಟ್ಟು ಓದಿದರು. ಸರ್ವೆ ನಂಬರು, ಎಕರೆ, ಅಜ್ಜನ ಹೆಸರು ಎಲ್ಲ ಒಂದೊಂದಾಗಿ ಹೊರಬಂತು. ನಾನು ಚಿಕ್ಕವನಿದ್ದಾಗ ಅದೇ ಕಾಗದವನ್ನು ಉಲ್ಟಾ ಹಿಡಿದು ಚಿತ್ರ ಅಂದುಕೊಂಡಿದ್ದೆ. ಮಸಿ ಅದೇ. ಓದುವವರಿಗೆ ಲಿಪಿ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಫೈಲಿನಲ್ಲಿ ಇರೋದೂ ಬರೀ ಬೈಟು. ಟೆಕ್ಸ್ಟ್ ಫೈಲ್ ಅಂತ ಬೇರೆ ಜಾತಿ ಇಲ್ಲ. ಈ ಬೈಟುಗಳನ್ನು ಇಂಥ ಲಿಪಿಯಲ್ಲಿ ಓದಿ ಅಂತ ಬರೆದವರೂ ಓದುವವರೂ ಒಪ್ಪಿಕೊಂಡರೆ ಅದು ಟೆಕ್ಸ್ಟ್. ಇಲ್ಲಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಗಳು ರಾಶಿ ಇವೆ. ಅವುಗಳ ಒಳಗಿರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಬೈಟುಗಳು, ಫಾಂಟು ಮಾತ್ರ ಕನ್ನಡದ ಆಕಾರ ತೋರಿಸುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮದುಮಗನ ಹೆಸರೂ ಇಲ್ಲ, ಮುಹೂರ್ತವೂ ಇಲ್ಲ.

ಇನ್ನೆರಡು ಸಂಗತಿ ಕೆಲಸಕ್ಕೆ ಬರುತ್ತವೆ ಅಂತ ಹೇಳಿಬಿಡುತ್ತೇನೆ. ಪೈಥಾನಿನಿಂದ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಬರೆದು ಎಕ್ಸೆಲ್ಲಿನಲ್ಲಿ ತೆರೆದಾಗ ಪ್ರತಿ ಸಾಲಿನ ನಡುವೆ ಖಾಲಿ ಸಾಲು ಬರುತ್ತದಲ್ವಾ? ಅದು ಆಯಿಯ ಫೋಟೊ ಕೆಡಿಸಿದ 13ದೇ ಕೆಲಸ. ಸಿಎಸ್‌ವಿ ಬರೆಯುವ ಭಾಗ ತಾನೇ 13, 10 ಹಾಕಿರುತ್ತದೆ, ಟೆಕ್ಸ್ಟ್ ಮೋಡ್ ಇನ್ನೊಂದು 13 ಸೇರಿಸುತ್ತದೆ. 'ನ್ಯೂಲೈನ್' ಅನ್ನೋದಕ್ಕೆ ಖಾಲಿ ಬೆಲೆ ಕೊಟ್ಟು ಫೈಲ್ ತೆರೆದರೆ ಸರಿಹೋಗುತ್ತದೆ. ಎಕ್ಸೆಲ್ಲಿನಲ್ಲಿ ಕನ್ನಡ ಕೆಟ್ಟು ಕಾಣುತ್ತಿದ್ದರೆ ಫೈಲಿನ ಮೊದಲಿಗೆ 239, 187, 191 ಅನ್ನುವ ಮೂರು ಬೈಟ್ ಇರಬೇಕು. 'ಯುಟಿಎಫ್-8-ಸಿಗ್' ಅಂತ ಬರೆದರೆ ಪೈಥಾನ್ ತಾನೇ ಹಾಕುತ್ತದೆ.

ಇನ್ನೊಂದು, ದೊಡ್ಡ ಫೈಲನ್ನು ಬೈನರಿಯಲ್ಲಿ 1024 ಬೈಟಿನ ತುಂಡು ಮಾಡಿ ಓದಿ, ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಕನ್ನಡ ಮಾಡಲು ಹೋಗಬೇಡಿ. 1024ನ್ನು ಮೂರರಿಂದ ಭಾಗಿಸಿದರೆ 341, ಒಂದು ಉಳಿಯುತ್ತದೆ. ಉಳಿದ ಆ ಒಂದು ಬೈಟು ಯಾವುದೋ ಅಕ್ಷರದ ಮೂರನೇ ಒಂದು ಭಾಗ. ಪೂರ್ತಿ ಸೇರಿಸಿ ಓದಿ. ಇಲ್ಲವೇ ಟೆಕ್ಸ್ಟ್ ಮೋಡಿನಲ್ಲಿ ಎನ್‌ಕೋಡಿಂಗ್ ಹೇಳಿ ತೆರೆಯಿರಿ, ಅದು ಅಕ್ಷರ ಒಡೆಯೋದಿಲ್ಲ. ಟೆಕ್ಸ್ಟ್ ಮೋಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬರಹಕ್ಕೆ ಅದೇ ಬೇಕು.

ಫೋಟೊ ಕಥೆಯಲ್ಲಿ ಒಂದು ಮಾತು ಬಾಕಿ ಇದೆ. 211 ಫೋಟೊ ವಾಪಸ್ ಬಂದವು. ಮೊದಲು ಹಾಕಿ ನೋಡಿದ ಆ ಮೂರು ಕಾಕಾನ ಹೊಸ ಫೋನಿನಲ್ಲಿ ಇರಲಿಲ್ಲ. ಅವು ಓದುವ ಕಡೆಯೇ ಕೆಟ್ಟವು. ಮೂರೂ ಸರಿಯಾಗಿ 82 ಬೈಟ್ ಯಾಕೆ ಅಂತ ಆಮೇಲೆ ತಿಳಿಯಿತು. ಕ್ಯಾಮೆರಾ ಫೋಟೊದ ಮೊದಲಿಗೆ ಒಂದು ವಿವರದ ಪಟ್ಟಿ ಬರೆಯುತ್ತದೆ. ಅದರಲ್ಲಿ ಪ್ರತಿ ವಿವರಕ್ಕೂ ಒಂದು ನಂಬರು. ರೆಸಲ್ಯೂಷನ್ ಅನ್ನುವ ವಿವರದ ನಂಬರು 282. ಎರಡು ಬೈಟಿನಲ್ಲಿ ಬರೆದರೆ ಅದು 26 ಮತ್ತು 1. ಆ 26 ಸಿಕ್ಕಿದ್ದೇ ತಡ, ನನ್ನ ಪ್ರೋಗ್ರಾಮ್ ಫೈಲ್ ಮುಗಿಯಿತು ಅಂತ ನಿಂತುಬಿಟ್ಟಿದೆ. ಮೂರಕ್ಕೂ ಅದೇ ಜಾಗದಲ್ಲಿ.

ಆ ಮೂರು ಫೈಲುಗಳನ್ನು ನಾನು ಅಳಿಸಿಲ್ಲ. 282ಕ್ಕಿಂತ ಮೊದಲು ಬರುವ ವಿವರಗಳು ಅವುಗಳಲ್ಲಿ ಇನ್ನೂ ಇವೆ. ಅಗಲ 3264, ಎತ್ತರ 2448. ಇನ್ನೊಂದು ವಿವರ, ಫೋನನ್ನು ಹೇಗೆ ಹಿಡಿದಿದ್ದರು ಅನ್ನೋದು. ಎರಡಕ್ಕೆ ಅಡ್ಡ ಹಿಡಿದಿದ್ದಾರೆ. ಒಂದಕ್ಕೆ ನೆಟ್ಟಗೆ ಹಿಡಿದಿದ್ದಾರೆ. ನೆಟ್ಟಗೆ ಹಿಡಿದದ್ದು ಆಯಿ ಬಾಗಿಲಲ್ಲಿ ನಿಂತ ಫೋಟೊ ಇರಬೇಕು ಅಂತಾರೆ ಕಾಕಾ.